ವೆಟ್ ಸ್ಕೂಲ್ ಬಾಗಿಲಿಗೆ ಬರೋಕೆ ಮುಂಚಿನ ನಾಲ್ಕು ವರ್ಷ

ನನ್ನ ಅತ್ತೆ ಮಗ ಹಾಸನದ ವೆಟರ್ನರಿ ಕಾಲೇಜಲ್ಲಿ ಓದ್ತಿದ್ದಾನೆ. ನನಗಿಂತ ಸ್ವಲ್ಪ ದೊಡ್ಡವನು ಅಷ್ಟೇ. ಪಿಯುಸಿ ಮುಗಿಸಿದ, ಎಂಟ್ರೆನ್ಸ್ ಬರೆದ, ರ‍್ಯಾಂಕ್ ಬಂತು, ಕೌನ್ಸೆಲಿಂಗಲ್ಲಿ ಸೀಟ್ ಸಿಕ್ತು, ಸೇರ್ಕೊಂಡ. ಐದೂವರೆ ವರ್ಷದ ಬಿವಿಎಸ್ಸಿ, ಅದರಲ್ಲಿ ಕೊನೇ ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಡಾಕ್ಟ್ರು. ನಾನು ಅಮೆರಿಕದಲ್ಲಿ ಅದೇ ವಯಸ್ಸಲ್ಲಿ ಅದೇ ಆಸೆ ಇಟ್ಕೊಂಡು ಕಾಲೇಜು ಸೇರಿದೆ, ಈಗ ಕೊನೇ ವರ್ಷ, ಇನ್ನೂ ವೆಟರ್ನರಿ ಓದು ಶುರುವೇ ಆಗಿಲ್ಲ, ಈಗ ತಾನೇ ಅರ್ಜಿ ಕಳಿಸಿ ಕಾಯ್ತಿದೀನಿ. ಇಲ್ಲಿ ವೆಟ್ ಸ್ಕೂಲ್ ಅಂದ್ರೆ ಅಂಡರ್‌ಗ್ರ್ಯಾಡ್ ಓದಿದ ಮೇಲೆ ಬರೋ ಇನ್ನೊಂದು ನಾಲ್ಕು ವರ್ಷದ ಡಿಗ್ರಿ, ಡಿವಿಎಂ ಅಂತ. ಅದಕ್ಕೆ ಮುಂಚಿನ ನಾಲ್ಕು ವರ್ಷಕ್ಕೆ ಪ್ರೀ-ವೆಟ್ ಅಂತಾರೆ, ಅದು ಒಂದು ಕೋರ್ಸ್ ಅಲ್ಲ, ಡಿಗ್ರಿ ಸರ್ಟಿಫಿಕೇಟಲ್ಲೂ ಬರಲ್ಲ, ಸುಮ್ನೆ ನಾವು ತಯಾರಿ ಮಾಡ್ಕೊಳ್ತಿರೋ ದಾರಿಗೆ ಇರೋ ಹೆಸರು.

ಇದರ ಬಗ್ಗೆ ಬರೀಬೇಕು ಅನ್ಸಿದ್ದು ಯಾಕೆ ಅಂದ್ರೆ ನಮ್ಮ ನಾರ್ತ್ ಕ್ಯಾರೊಲೈನಾದಲ್ಲಿ, ಕ್ಯಾರಿ ರಾಲೇ ಕಡೆ ಕನ್ನಡದವರು ಹಬ್ಬಕ್ಕೆ ಸೇರಿದಾಗೆಲ್ಲ ಯಾರಾದ್ರೂ ಒಬ್ಬರು ಆಂಟಿ ಕೇಳ್ತಾರೆ, "ನಮ್ಮ ಮಗಳಿಗೂ ನಾಯಿ ಬೆಕ್ಕು ಅಂದ್ರೆ ಪ್ರಾಣ ಕಣಮ್ಮ, ಇದಕ್ಕೆ ಯಾವ ಎಕ್ಸಾಮ್ ಬರೀಬೇಕು?" ಅಂತ. ಅಂಥ ಎಕ್ಸಾಮ್ ಇಲ್ಲ ಆಂಟಿ ಅಂದ್ರೆ ನಂಬೋದೇ ಕಷ್ಟ ಅವರಿಗೆ. ಮುಂಚೆ ಜಿಆರ್‌ಇ ಅನ್ನೋ ಸಾಮಾನ್ಯ ಪ್ರವೇಶ ಪರೀಕ್ಷೆ ಕೇಳ್ತಿದ್ರು, ಈಗ ಬಹಳಷ್ಟು ಕಾಲೇಜು ಬಿಟ್ಟಿವೆ. ಕೆಲವು ಕಡೆ ಕ್ಯಾಸ್ಪರ್ ಅನ್ನೋ ಟೆಸ್ಟ್ ಇದೆ, ಒಂದು ಸಂದರ್ಭ ಕೊಟ್ಟು ನೀನಾಗಿದ್ರೆ ಏನ್ ಮಾಡ್ತಿದ್ದೆ ಅಂತ ಕೇಳೋದು, ಅದಕ್ಕೆ ಕೋಚಿಂಗ್ ಹೋಗಿ ರ‍್ಯಾಂಕ್ ತಗೊಳೋಕೆ ಆಗಲ್ಲ. ಒಂದು ದಿನ ಮೂರು ಗಂಟೆ ಕೂತು ಬರೆದು ಮುಗಿಸೋ ಪರೀಕ್ಷೆ ಇಲ್ಲದೇ ಇರೋದು ಸುಲಭ ಅಂತ ಅನ್ಸಬಹುದು, ಆದ್ರೆ ನಾಲ್ಕೂ ವರ್ಷ ಪರೀಕ್ಷೆಯೇ.

ಮೊದಲು ಓದಿನ ವಿಷಯ ಹೇಳಿ ಮುಗಿಸ್ತೀನಿ. ಮೇಜರ್ ಯಾವುದಾದ್ರೂ ಆಗಬಹುದು, ಅನಿಮಲ್ ಸೈನ್ಸೇ ಆಗ್ಬೇಕಿಲ್ಲ, ಇತಿಹಾಸ ಓದ್ಕೊಂಡು ಹೋದವರೂ ಇದಾರೆ. ಆದ್ರೆ ಪ್ರೀ-ರೆಕ್ ಅಂತ ಕರೆಯೋ ಕಡ್ಡಾಯ ವಿಷಯಗಳು ಇರಲೇಬೇಕು: ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಜೆನೆಟಿಕ್ಸ್, ಬಹಳ ಕಡೆ ಮೈಕ್ರೊಬಯಾಲಜಿ, ಕೆಲವು ಕಡೆ ಅನಿಮಲ್ ನ್ಯೂಟ್ರಿಷನ್, ಕೆಲವು ಕಡೆ ಪಬ್ಲಿಕ್ ಸ್ಪೀಕಿಂಗ್ ಕೂಡ. ಒಂದೊಂದು ಕಾಲೇಜಿಗೂ ಒಂದೊಂದು ಪಟ್ಟಿ. ಒಂದು ಕಾಲೇಜು ಫಿಸಿಕ್ಸ್ ಒಂದು ಸೆಮಿಸ್ಟರ್ ಸಾಕು ಅನ್ನತ್ತೆ, ಇನ್ನೊಂದು ಎರಡು ಕೇಳತ್ತೆ, ಇನ್ನೊಂದು ಇಷ್ಟು ವರ್ಷಕ್ಕಿಂತ ಹಳೇ ಕೋರ್ಸ್ ಆದ್ರೆ ಆಗಲ್ಲ ಅನ್ನತ್ತೆ. ಮೊದಲನೇ ವರ್ಷದಲ್ಲೇ ಒಂದು ಎಕ್ಸೆಲ್ ಶೀಟ್ ಮಾಡ್ಕೊಂಡು ಒಂದು ಕಡೆ ಕಾಲೇಜುಗಳು ಇನ್ನೊಂದು ಕಡೆ ವಿಷಯಗಳು ಅಂತ ಹಾಕ್ಕೊಂಡ್ರೆ ಒಳ್ಳೇದು. ಮಾರ್ಕ್ಸ್ ಮುಖ್ಯವೇ, ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ), ಸೈನ್ಸ್ ಜಿಪಿಎ ಎರಡೂ ನೋಡ್ತಾರೆ, ಜೊತೆಗೆ ಕೊನೇ 45 ಕ್ರೆಡಿಟ್‌ಗಳ ಜಿಪಿಎ ಅಂತಾನೂ ಬೇರೆ ಲೆಕ್ಕ ಇದೆ. ಅದು ನನಗೆ ನ್ಯಾಯ ಅನ್ಸತ್ತೆ, ಹೊಸ ದೇಶ ಹೊಸ ಭಾಷೆ ಅಂತ ಮೊದಲ ವರ್ಷ ತಡವರಿಸಿದ ಹುಡುಗ್ರಿಗೆ ಮೇಲೆ ಬರೋಕೆ ಜಾಗ ಬಿಟ್ಟ ಹಾಗೆ.

ಇನ್ನು ಗಂಟೆಗಳು. ಪ್ರೀ-ವೆಟ್ ಹುಡುಗ್ರು ಇಬ್ಬರು ಸೇರಿದ್ರೆ ಮೊದಲು ಕೇಳೋದೇ "ನಿಂದು ಎಷ್ಟು ಅವರ್ಸ್ ಆಯ್ತು" ಅಂತ. ಅರ್ಜಿ ಹಾಕೋ ಜಾಗ ವಿಎಮ್‌ಕ್ಯಾಸ್ ಅಂತ, ಹೆಚ್ಚುಕಮ್ಮಿ ದೇಶದ ಎಲ್ಲಾ ವೆಟ್ ಸ್ಕೂಲಿಗೂ ಅದೊಂದೇ ಅರ್ಜಿ, ಟೆಕ್ಸಾಸ್‌ಗೆ ಬೇರೆ ಇದೆ. ಅದರಲ್ಲಿ ಅನುಭವವನ್ನ ವಿಂಗಡಿಸಿ ಬರೀಬೇಕು. ವೆಟರ್ನರಿ ಡಾಕ್ಟರ್ ಕಣ್ಗಾವಲಲ್ಲಿ ಮಾಡಿದ್ದು ವೆಟರ್ನರಿ ಅನುಭವ, ಡಾಕ್ಟರ್ ಇಲ್ಲದೆ ಫಾರ್ಮಲ್ಲೋ ದಿಕ್ಕಿಲ್ಲದ ಪ್ರಾಣಿಗಳ ಶೆಲ್ಟರಲ್ಲೋ ಕುದುರೆ ಲಾಯದಲ್ಲೋ ಮಾಡಿದ್ದು ಅನಿಮಲ್ ಅನುಭವ, ಲ್ಯಾಬಲ್ಲಿ ಮಾಡಿದ್ದು ರಿಸರ್ಚ್. ಮನೇಲಿ ನಾಯಿ ಸಾಕಿದ್ದು ಇದರಲ್ಲಿ ಬರಲ್ಲ. ಕನಿಷ್ಠ ಇಷ್ಟು ಗಂಟೆ ಅಂತ ಕೆಲವು ಕಾಲೇಜು ಹೇಳತ್ತೆ, ಬಹಳಷ್ಟು ಹೇಳಲ್ಲ, ಆದ್ರೆ ಸೀಟ್ ಸಿಕ್ಕಿರೋರ ಗಂಟೆಗಳು ಸಾವಿರಗಳ ಲೆಕ್ಕದಲ್ಲಿ ಇರೋದು ಮಾಮೂಲು. ಬರೀ ನಾಯಿ ಬೆಕ್ಕಿನ ಕ್ಲಿನಿಕ್ ಅಲ್ಲ, ದನ, ಕುದುರೆ, ಕುರಿ, ಹಂದಿ, ಕಾಡುಪ್ರಾಣಿ ಅಂತ ಬೇರೆ ಬೇರೆ ಕಡೆ ಓಡಾಡಿರಬೇಕು. ಮೊದಲ ದಿನದಿಂದಾನೇ ತಾರೀಕು, ಜಾಗ, ಡಾಕ್ಟರ್ ಹೆಸರು, ಯಾವ ಪ್ರಾಣಿ, ಏನ್ ಮಾಡ್ದೆ ಏನ್ ನೋಡ್ದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ನನ್ನ ನೋಟ್‌ಬುಕ್ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿದೆ, ಆ ದಿನ ಏನು ಅನ್ಸಿತ್ತು ಅನ್ನೋದು ಮಾತ್ರ ಎಲ್ಲಾ ಕಡೆ ಕನ್ನಡದಲ್ಲೇ ಬಂದಿದೆ.

ನಮ್ಮಂಥವರಿಗೆ ತೊಡಕು ಶುರುವಾಗೋದು ಇಲ್ಲೇ, ಮತ್ತೆ ಇದನ್ನ ಪ್ರೀ-ವೆಟ್ ಗೈಡ್‌ಗಳಲ್ಲಿ ಯಾರೂ ಬರೆಯಲ್ಲ. ನಾನು ಇಲ್ಲಿಗೆ ಬಂದಿದ್ದು ಅಪ್ಪನ ಎಚ್-1 ಕೆಲಸದ ವೀಸಾ ಜೊತೆ, ಕುಟುಂಬದವರಿಗೆ ಕೊಡೋ ಎಚ್-4 ಮೇಲೆ, ಎಂಟನೇ ಕ್ಲಾಸಲ್ಲಿ. ಎಚ್-4 ಮೇಲಿರೋ ಮಕ್ಕಳು ಸಂಬಳಕ್ಕೆ ಕೆಲಸ ಮಾಡೋ ಹಾಗಿಲ್ಲ. ನನ್ನ ಕ್ಲಾಸಿನ ಅಮೆರಿಕನ್ ಹುಡುಗೀರೆಲ್ಲ ಹೈಸ್ಕೂಲ್ ಇಂದಾನೇ ಕ್ಲಿನಿಕ್‌ಗಳಲ್ಲಿ ಕೆನಲ್ (ನಾಯಿ ಗೂಡು) ತೊಳೆಯೋ ಕೆಲಸಕ್ಕೆ ಸೇರಿ, ಆಮೇಲೆ ಅಸಿಸ್ಟೆಂಟ್ ಆಗಿ, ಸಂಬಳಾನೂ ತಗೊಂಡು ಗಂಟೆಗಳನ್ನೂ ಸೇರಿಸ್ಕೊಳ್ತಾ ಬಂದ್ರು. ನನಗೆ ಆ ದಾರಿ ಇರಲಿಲ್ಲ. ಸಂಬಳ ಬೇಡ ಸುಮ್ನೆ ಮಾಡ್ತೀನಿ ಅನ್ನೋಕೂ ಆಗಲ್ಲ, ಸಾಮಾನ್ಯವಾಗಿ ದುಡ್ಡು ಕೊಟ್ಟು ಮಾಡಿಸೋ ಕೆಲಸವನ್ನ ಖಾಸಗಿ ಕ್ಲಿನಿಕ್ಕಲ್ಲಿ ಫ್ರೀಯಾಗಿ ಮಾಡಿಕೊಟ್ರೂ ವೀಸಾ ನಿಯಮ ಮುರಿದಂಗೆ ಆಗಬಹುದು. ಡಾಕ್ಟರ್ ಪಕ್ಕ ನಿಂತು ನೋಡೋದು, ಅಂದ್ರೆ ಶ್ಯಾಡೋಯಿಂಗ್, ಪರವಾಗಿಲ್ಲ. ಲಾಭಕ್ಕಲ್ಲದ ಶೆಲ್ಟರ್‌ಗಳಲ್ಲಿ ಎಲ್ಲರ ಥರ ವಾಲಂಟಿಯರ್ ಮಾಡೋದು ಪರವಾಗಿಲ್ಲ. ಹಾಗಾಗಿ ನನ್ನ ಮೊದಲ ಮೂರು ವರ್ಷ ಶೆಲ್ಟರ್ ಮತ್ತೆ ಶ್ಯಾಡೋಯಿಂಗ್‌ನಲ್ಲೇ ಹೋಯ್ತು. ಶ್ಯಾಡೋ ಮಾಡೋಕೆ ಬಿಡಿ ಅಂತ ಎಷ್ಟೋ ಕ್ಲಿನಿಕ್‌ಗಳಿಗೆ ಫೋನ್ ಮಾಡಿದೀನಿ, ಇನ್ಶೂರೆನ್ಸ್ ತೊಂದರೆ ಅಂತ ಬೇಡ ಅಂದೋರೇ ಜಾಸ್ತಿ, ಒಪ್ಪಿಕೊಂಡ ಕೆಲವೇ ಡಾಕ್ಟರ್‌ಗಳನ್ನ ನಾನು ಜೀವಮಾನ ನೆನೆಸ್ಕೊಳ್ತೀನಿ.

ಆಮೇಲೆ 21 ತುಂಬ್ತು. ಅಪ್ಪನ ಗ್ರೀನ್ ಕಾರ್ಡ್ ಅರ್ಜಿ ಭಾರತದವರ ಕ್ಯೂನಲ್ಲಿದೆ, ಹತ್ತು ವರ್ಷಕ್ಕಿಂತ ಹಿಂದಿನ ತಾರೀಕುಗಳೇ ಇನ್ನೂ ತೆವಳ್ತಿರೋ ಕ್ಯೂ ಅದು. 21 ಆದ್ಮೇಲೆ ಮಗು ಮಗು ಅಲ್ಲ, ಎಚ್-4 ಮುಗೀತು. ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸ್ಕೊಂಡೆ, ಅಂದ್ರೆ ಇದೇ ದೇಶದಲ್ಲಿ ಹೈಸ್ಕೂಲ್ ಓದಿದ ನಾನು ಕಾಗದದ ಮೇಲೆ ಈಗ ಇಂಟರ್‌ನ್ಯಾಷನಲ್ ಸ್ಟೂಡೆಂಟ್. ಇದರಿಂದ ಒಂದು ಬಾಗಿಲು ತೆರೀತು, ಎಫ್-1 ಮೇಲೆ ಸೆಮಿಸ್ಟರ್ ನಡೀವಾಗ ವಾರಕ್ಕೆ 20 ಗಂಟೆ ಕ್ಯಾಂಪಸ್ ಒಳಗೆ ಕೆಲಸ ಮಾಡಬಹುದು, ಹಾಗಾಗಿ ಯೂನಿವರ್ಸಿಟಿ ಡೈರಿಯಲ್ಲಿ ಹಾಲು ಕರೆಯೋ ಕೆಲಸಕ್ಕೆ ಸೇರಿದೆ. ಮುಚ್ಚಿದ ಬಾಗಿಲು ಮಾತ್ರ ಬಹಳ. ಸರ್ಕಾರಿ ವೆಟ್ ಸ್ಕೂಲ್‌ಗಳು ಸೀಟುಗಳಲ್ಲಿ ದೊಡ್ಡ ಪಾಲನ್ನ ತಮ್ಮ ರಾಜ್ಯದವರಿಗೆ ಇಟ್ಟಿರತ್ತೆ, ಕೆಲವು ಕಾಲೇಜು ಇಂಟರ್‌ನ್ಯಾಷನಲ್ ಅರ್ಜಿಯನ್ನೇ ತಗೊಳಲ್ಲ, ತಗೊಳೋ ಕಡೆ ಅತಿ ಜಾಸ್ತಿ ಫೀಸು, ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಹೆಚ್ಚುಕಮ್ಮಿ ಸಿಟಿಜನ್ ಮತ್ತೆ ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ, ಖಾಸಗಿ ಸಾಲಕ್ಕೆ ಹೆಚ್ಚಿನ ಕಡೆ ಸಿಟಿಜನ್ನೋ ಗ್ರೀನ್ ಕಾರ್ಡ್ ಇರೋರೋ ಯಾರಾದ್ರೂ ಜಾಮೀನು ನಿಲ್ಲಬೇಕು. ಮನೇಲಿ ಎಚ್-4 ಮೇಲೆ ಒಂಬತ್ತನೇ ಹತ್ತನೇ ಕ್ಲಾಸಿನ ಮಗಳೋ ಮಗನೋ ಇದ್ರೆ, ಆ ಮಗು ವೆಟ್ ಆಗ್ತೀನಿ ಅಂತಿದ್ರೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಬಗ್ಗೆ ಯೋಚನೆ ಮಾಡೋಕೆ ಮುಂಚೆ ಈ ವಿಷಯ ಕೂತು ಮಾತಾಡಿ.

ಡೈರಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಏನು ಆಗ್ಬೇಕು ಅಂತ ನನಗೆ ಗಟ್ಟಿಯಾಗಿದ್ದು ಅಲ್ಲೇ. ಬೆಳಗಿನ ಜಾವ ಇನ್ನೂ ಕತ್ತಲೆ ಇರುವಾಗ ಹಸುಗಳು ಹಾಲು ಕರೆಯೋ ಪಾರ್ಲರ್ ಒಳಗೆ ಸಾಲಾಗಿ ಬಂದು ನಿಲ್ತವೆ, ನಾವು ಕೆಳಗಿನ ಹಳ್ಳದಲ್ಲಿ ನಿಂತಿರ್ತೀವಿ, ಕೆಚ್ಚಲು ನಮ್ಮ ಮುಖದ ಮಟ್ಟಕ್ಕೆ ಬರತ್ತೆ. ಮೊಲೆ ತೊಟ್ಟನ್ನ ಅಯೋಡಿನ್ ದ್ರಾವಣದಲ್ಲಿ ಅದ್ದೋದು, ಮೊದಲ ಕೆಲವು ಧಾರೆ ಕೈಯಲ್ಲಿ ಹಿಂಡಿ ಹಾಲಲ್ಲಿ ಗಡ್ಡೆ ಇದೆಯಾ ನೋಡೋದು, ಒರೆಸಿ ಯಂತ್ರ ಹಾಕೋದು, ತೆಗೆದ ಮೇಲೆ ಮತ್ತೆ ಅದ್ದೋದು. ಕೆಚ್ಚಲು ಬಾವು ಅನುಮಾನ ಬಂದ್ರೆ ನಾಲ್ಕು ಬಟ್ಟಲಿರೋ ಪ್ಲಾಸ್ಟಿಕ್ ತಟ್ಟೆಗೆ ನಾಲ್ಕೂ ಮೊಲೆ ಹಾಲು ಬೇರೆ ಬೇರೆ ಹಿಂಡಿ, ಔಷಧಿ ನೀರು ಬೆರೆಸಿ ಮೆಲ್ಲಗೆ ತಿರುಗಿಸಿದ್ರೆ, ಬಾವು ಇರೋ ಹಾಲು ಲೋಳೆ ಲೋಳೆ ಆಗತ್ತೆ. ಊರಲ್ಲಿ ಅಜ್ಜಿ ಹಾಲು ಕರೆಯುವಾಗ ಮೊದಲ ಧಾರೆ ನೆಲಕ್ಕೆ ಬಿಡ್ತಿದ್ರು, ಅರಸೀಕೆರೆ ಹತ್ರದ ಹಳ್ಳಿ ನಮ್ದು, ತಾತನ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು ಇದ್ವು. ಯಾಕಜ್ಜಿ ಅಂದ್ರೆ ಅದು ಭೂಮಿತಾಯಿಗೆ ಅನ್ನೋರು. ಮೊಲೆ ತುದಿಯಲ್ಲಿ ಕೂತಿರೋ ಬ್ಯಾಕ್ಟೀರಿಯಾ ಆ ಧಾರೆಯಲ್ಲೇ ಜಾಸ್ತಿ ಇರೋದು ಅಂತ ನಾನು ಕಲ್ತಿದ್ದು ಇಲ್ಲಿ, ಆದ್ರೆ ಕೆಲಸ ಅಜ್ಜಿಯದೇ.

ಕರು ಹುಟ್ಟಿದ ಮೊದಲ ಗಂಟೆಗಳಲ್ಲಿ ಗಿಣ್ಣು ಹಾಲು ಹೊಟ್ಟೆಗೆ ಹೋಗಲೇಬೇಕು ಅನ್ನೋದನ್ನ ಇಲ್ಲಿ ಎಷ್ಟು ಗಂಭೀರವಾಗಿ ತಗೊಳ್ತಾರೆ ಅಂದ್ರೆ, ಗಿಣ್ಣಿನ ಗುಣಮಟ್ಟ ಮಾಪಕದಲ್ಲಿ ಅಳೆದು, ಸುಮಾರು ನಾಲ್ಕು ಲೀಟರ್ ಕುಡಿಸಿ, ಟೈಮ್ ಬರೆದಿಡ್ತಾರೆ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯೋ ಆಂಟಿಬಾಡಿ ಹೆಚ್ಚುಕಮ್ಮಿ ಇರಲ್ಲ, ಎಲ್ಲ ಗಿಣ್ಣಿಂದಾನೇ ಬರ್ಬೇಕು, ಮತ್ತೆ ಅದನ್ನ ಹಾಗೇ ಹೀರ್ಕೊಳ್ಳೋ ಶಕ್ತಿ ಕರುವಿನ ಕರುಳಿಗೆ ಒಂದು ದಿನದೊಳಗೆ ಹೋಗ್ಬಿಡತ್ತೆ. ಇದನ್ನ ಕ್ಲಾಸಲ್ಲಿ ಕೇಳಿದ ದಿನ ನನಗೆ ನೆನಪಾಗಿದ್ದು ನಮ್ಮೂರಿನ ಮನೆಗಳಲ್ಲಿ ಗಿಣ್ಣು ಅಂದ ತಕ್ಷಣ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಬೀದಿಯವರಿಗೆಲ್ಲ ಹಂಚೋದು. ಕರುವಿನ ಪಾಲು ಮೊದಲು ಕೊಟ್ಟು ಮಿಕ್ಕಿದ್ದು ಮಾಡಿದ್ರೆ ತಪ್ಪೇನಿಲ್ಲ, ಆದ್ರೆ ಮೊದಲ ಹಿಂಡಿಕೆ ಕರುವಿಗೇ ಹೋಗ್ಲಿ ಅಂತ ಈಗ ಊರಿಗೆ ಫೋನ್ ಮಾಡಿದಾಗೆಲ್ಲ ಹೇಳ್ತೀನಿ. ಮಾವ ಕೇಳ್ತಾರೆ.

ಇನ್ನೊಂದು ದಿನ ಡಾಕ್ಟರ್ ಜೊತೆ ಹೊರಗಿನ ಫಾರ್ಮಿಗೆ ಶ್ಯಾಡೋ ಹೋಗಿದ್ದಾಗ ಕರು ಹಾಕಿದ ಮಾರನೇ ದಿನದ ಹಸು ಏಳೋಕಾಗದೆ ಮಲಗಿತ್ತು, ಕುತ್ತಿಗೆ ಪಕ್ಕೆ ಕಡೆ ತಿರುಚ್ಕೊಂಡು, ಕಿವಿ ಮುಟ್ಟಿದ್ರೆ ತಣ್ಣಗೆ. ಮಿಲ್ಕ್ ಫೀವರ್, ಹಾಲು ಜ್ವರ ಅಂತಾರೆ, ಹೆಸರಲ್ಲಿ ಜ್ವರ ಇದ್ರೂ ಮೈ ಕಾವು ಇಳಿದಿರತ್ತೆ. ಹಾಲು ಇಳಿಯೋಕೆ ಶುರುವಾದಾಗ ರಕ್ತದ ಕ್ಯಾಲ್ಸಿಯಂ ಒಂದೇ ಸಲಕ್ಕೆ ಕೆಚ್ಚಲಿಗೆ ಹೋಗಿ, ಮಾಂಸಖಂಡಗಳು ಸೋತು ಹೋಗತ್ತೆ. ಡಾಕ್ಟರ್ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನಕ್ಕೆ ಬಿಡ್ತಾ, ಸ್ಟೆತಸ್ಕೋಪ್ ನನ್ನ ಕಿವಿಗಿಟ್ಟು ಹೃದಯ ಕೇಳ್ತಾ ಇರು, ಬಡಿತ ತಪ್ಪಿದ್ರೆ ತಕ್ಷಣ ಹೇಳು ಅಂದ್ರು, ಯಾಕಂದ್ರೆ ಬೇಗ ಬಿಟ್ರೆ ಹೃದಯ ನಿಂತು ಹೋಗಬಹುದು. ಸ್ವಲ್ಪ ಹೊತ್ತಿಗೆ ಹಸುವಿನ ಮೈ ನಡುಗ್ತು, ತೇಗು ಬಂತು, ಸಗಣಿ ಹಾಕ್ತು, ಆಮೇಲೆ ಹಿಂಗಾಲು ಊರಿ ಎದ್ದು ನಿಂತ್ಕೊಳ್ತು. ಚಿಕ್ಕೋಳಿದ್ದಾಗ ತಾತನ ಹಸು ಹೀಗೇ ಬಿದ್ದಿದ್ದಾಗ ಪಶು ಆಸ್ಪತ್ರೆ ಡಾಕ್ಟ್ರು ಬೈಕಲ್ಲಿ ಬಂದು ಬಾಟ್ಲಿ ಏರಿಸಿ ಎಬ್ಬಿಸಿದ್ದನ್ನ ಊರವರು ಬಹಳ ದಿನ ಮಾತಾಡ್ಕೊಂಡಿದ್ರು. ಅದರ ಒಳಗಿನ ಕಾರಣ ನನಗೆ ಗೊತ್ತಾಗೋಕೆ ಇಷ್ಟು ದೂರ ಬರಬೇಕಾಯ್ತು, ಮತ್ತೆ ಗೊತ್ತಾದ ಮೇಲೂ ಅದರ ಬೆರಗು ಕಮ್ಮಿಯಾಗಲಿಲ್ಲ.

2024ರ ಮಾರ್ಚಲ್ಲಿ ಟೆಕ್ಸಾಸ್, ಕಾನ್ಸಸ್‌ನ ಹಾಲಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿ ಜ್ವರ ಸಿಕ್ತು, ಮುಂದಿನ ತಿಂಗಳು ನಮ್ಮ ರಾಜ್ಯದ ಒಂದು ಹಿಂಡಲ್ಲೂ ಸಿಕ್ತು. ಹಕ್ಕಿಗೆ ಬರೋ ರೋಗ ಹಸುವಿನ ಕೆಚ್ಚಲಿಗೆ ಬರತ್ತೆ ಅಂತ ಅಲ್ಲಿವರೆಗೆ ಯಾರೂ ಅಂದ್ಕೊಂಡಿರಲಿಲ್ಲ. ಹಸಿ ಹಾಲು ಕುಡಿದ ಫಾರ್ಮ್ ಬೆಕ್ಕುಗಳು ಸತ್ತಿದ್ದು ಒಂದು ಮುಖ್ಯ ಸುಳಿವಾಗಿತ್ತು, ಅದನ್ನ ಗಮನಿಸಿ ಸ್ಯಾಂಪಲ್ ಕಳಿಸಿದ್ದು ಹಳ್ಳಿ ಕಡೆ ಓಡಾಡೋ ವೆಟ್‌ಗಳು. ಹಾಲು ಕಾಯಿಸಿದ್ರೆ, ಪಾಶ್ಚರೈಸ್ ಮಾಡಿದ್ರೆ ವೈರಸ್ ಸಾಯತ್ತೆ. ಮನುಷ್ಯರ ಡಾಕ್ಟರ್‌ಗೂ ಮುಂಚೆ ದನದ ಡಾಕ್ಟರ್ ಒಬ್ಬರು ನಿಂತಿರ್ತಾರೆ ಅಂತ ಆ ವರ್ಷ ಕಣ್ಣಾರೆ ನೋಡಿದೆ.

ಕ್ಲಿನಿಕ್‌ನಲ್ಲಿ ಕಲ್ತಿದ್ದು ಬೇರೆ. ನಾಯಿಮರಿ ಮುದ್ದು ಮಾಡೋದು ದಿನದಲ್ಲಿ ಬಹಳ ಸಣ್ಣ ಭಾಗ, ಜಾಸ್ತಿ ಹೊತ್ತು ಮನುಷ್ಯರ ಜೊತೆ ಮಾತು, ಅದರಲ್ಲೂ ದುಡ್ಡಿನ ಮಾತು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡಿದೆ, ಟ್ಯೂಬ್ ಹಾಕಿ ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ರೆ ಬದುಕತ್ತೆ, ಇಲ್ಲಾಂದ್ರೆ ಒಂದೆರಡು ದಿನದಲ್ಲಿ ಸಾಯತ್ತೆ, ಮಾಲೀಕನ ಹತ್ರ ಅಷ್ಟು ದುಡ್ಡಿಲ್ಲ. ಚಿಕಿತ್ಸೆ ಇದ್ದೂ ದುಡ್ಡಿಲ್ಲದೆ ದಯಾಮರಣ ಕೊಡೋದು ಇಲ್ಲಿ ಆಗಾಗ ನಡಿಯತ್ತೆ, ಅದನ್ನ ಮಾಡೋ ಡಾಕ್ಟರ್ ಮುಖ ನೋಡಿದ್ದೀನಿ. ಮೊದಲು ನಿದ್ದೆ ಬರೋ ಇಂಜೆಕ್ಷನ್, ಆಮೇಲೆ ಪೆಂಟೋಬಾರ್ಬಿಟಾಲ್ ಅನ್ನೋ ಔಷಧಿ, ಸ್ವಲ್ಪ ಹೊತ್ತಲ್ಲೇ ಉಸಿರು ನಿಲ್ಲತ್ತೆ, ಕಣ್ಣು ತೆರೆದೇ ಇರತ್ತೆ. ಕಣ್ಣು ಮುಚ್ಚಲ್ಲ ಅಂತ ಮೊದಲೇ ಮನೆಯವರಿಗೆ ಹೇಳಿಡಬೇಕು, ಇಲ್ಲಾಂದ್ರೆ ಅವರು ಗಾಬರಿ ಆಗ್ತಾರೆ. ಅಜ್ಜಿಗೆ ಫೋನಲ್ಲಿ ಹೇಳ್ದೆ. "ಅಯ್ಯೋ, ಡಾಕ್ಟ್ರೇ ಸಾಯಿಸ್ತಾರೇನೇ? ಅದಕ್ಕಾ ನೀನು ಓದ್ತಿರೋದು?" ಅಂದ್ರು. ವಾಸಿಯಾಗದೇ ಇರೋ ನೋವಲ್ಲಿ ಅದು ಒದ್ದಾಡೋದು ತಪ್ಪತ್ತೆ ಅಜ್ಜಿ ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ನೀನು ಪಕ್ಕದಲ್ಲಿದ್ದಾಗ ಅದರ ತಲೆ ಸವರಿದ್ಯಾ?" ಅಂತ ಕೇಳಿದ್ರು. ಸವರಿದ್ದೆ.

ಇನ್ನೂ ಕಷ್ಟದ ವಿಷಯ ಒಂದಿದೆ, ಕರ್ನಾಟಕದಿಂದ ಬಂದ ನನ್ನಂಥ ಸಸ್ಯಾಹಾರಿ ಹುಡುಗೀರು ಪ್ರೀ-ವೆಟ್‌ಗೆ ಬಂದ್ರೆ ಇದನ್ನ ದಾಟಿಯೇ ಹೋಗ್ಬೇಕು. ನಮ್ಮ ನಾರ್ತ್ ಕ್ಯಾರೊಲೈನಾ ಹಂದಿ ಸಾಕಣೆಯಲ್ಲಿ ದೇಶದಲ್ಲೇ ಮುಂಚೂಣಿ ರಾಜ್ಯ. ಡೈರಿಯಲ್ಲೂ ಹಾಲು ಕಮ್ಮಿಯಾದ, ಗಬ್ಬ ನಿಲ್ಲದ ಹಸುವನ್ನ ಹಿಂಡಿಂದ ತೆಗೀತಾರೆ, ಅದು ಮಾಂಸಕ್ಕೆ ಹೋಗತ್ತೆ, ಕಂಪ್ಯೂಟರಲ್ಲಿ ಅದರ ನಂಬರ್ ಎದುರು ಕಾರಣ ಬರೆದಿರ್ತಾರೆ. ನಾನೇ ಹೆಸರಿಟ್ಟು ಕೂಗ್ತಿದ್ದ ಹಸುವಿನ ನಂಬರ್ ಆ ಪಟ್ಟಿಯಲ್ಲಿ ನೋಡಿದ ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ನಿಧಾನಕ್ಕೆ ಯೋಚನೆ ಮಾಡಿದೆ. ಊರಲ್ಲೂ ಹಾಲು ಬತ್ತಿದ ಮುದಿ ಹಸುವನ್ನ ತಾತ ಸಂತೆಗೆ ಹೊಡ್ಕೊಂಡು ಹೋಗ್ತಿದ್ರು, ಬರುವಾಗ ಬರೀ ಹಗ್ಗ ಹಿಡ್ಕೊಂಡು ಬರೋರು. ಯಾರು ತಗೊಂಡ್ರು, ಎಲ್ಲಿಗೆ ಹೋಯ್ತು ಅಂತ ಮನೇಲಿ ಯಾರೂ ಕೇಳ್ತಿರಲಿಲ್ಲ, ಕೇಳಬಾರದು ಅಂತ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರೋದರಿಂದ ಆ ಹಸುವಿಗೆ ಏನೂ ಒಳ್ಳೇದಾಗಲಿಲ್ಲ.

ಮೀಟ್ ಸೈನ್ಸ್ ಅನ್ನೋ ಕೋರ್ಸ್ ತಗೋಬೇಕಾ ಬೇಡ್ವಾ ಅಂತ ಒಂದು ಸೆಮಿಸ್ಟರ್ ಪೂರ್ತಿ ಯೋಚನೆ ಮಾಡಿ ಕೊನೆಗೆ ತಗೊಂಡೆ, ಯಾರೂ ಬಲವಂತ ಮಾಡಲಿಲ್ಲ. ಕಸಾಯಿಖಾನೆಗೆ ಹೋದ್ವಿ. 1906ರ ಮಾಂಸ ತಪಾಸಣೆ ಕಾನೂನಿಂದ ಬಂದ ಪದ್ಧತಿ, ಪ್ರತಿ ಪ್ರಾಣಿಯನ್ನೂ ಜೀವ ಇರುವಾಗ ಸರ್ಕಾರಿ ತಪಾಸಣೆಯವರು ನೋಡಲೇಬೇಕು, ನಿಂತಿದ್ದಾಗ ಒಂದು ಸಲ, ನಡೆಯುವಾಗ ಒಂದು ಸಲ, ಸಂಶಯ ಬಂದಿದ್ದನ್ನ ವೆಟ್ ಬಂದು ಪರೀಕ್ಷೆ ಮಾಡ್ತಾರೆ. ತಾನಾಗಿ ಎದ್ದು ನಿಲ್ಲಲಾರದ ದನವನ್ನ ಮನುಷ್ಯರ ಆಹಾರಕ್ಕೆ ತಗೊಳ್ಳೋ ಹಾಗಿಲ್ಲ ಅಂತ 2009ರಲ್ಲಿ ಪೂರ್ತಿ ನಿಷೇಧ ಬಂತು. ಪ್ರಜ್ಞೆ ತಪ್ಪಿಸದೆ ಮುಂದಿನ ಕೆಲಸ ಮಾಡಿದ್ರೆ ಲೈನ್ ನಿಲ್ಲಿಸೋ ಅಧಿಕಾರ ತಪಾಸಣೆಯವರಿಗಿದೆ. ನಾನು ಮಾಂಸ ತಿನ್ನಲ್ಲ, ಮುಂದೆಯೂ ತಿನ್ನಲ್ಲ. ಆದ್ರೆ ಆ ಪ್ರಾಣಿಯ ಕೊನೇ ಗಂಟೆಯಲ್ಲಿ ಅದರ ಪರವಾಗಿ ಕಾನೂನು ಹಿಡ್ಕೊಂಡು ನಿಂತಿದ್ದ ಒಬ್ಬರೇ ಮನುಷ್ಯರು ಒಬ್ಬ ವೆಟ್ ಆಗಿದ್ರು, ಅದನ್ನ ನೋಡಿದ ಮೇಲೆ ಆ ಜಾಗಕ್ಕೆ ನಾನು ಬೆನ್ನು ತಿರುಗಿಸಲಾರೆ. ಇಂಟರ್ವ್ಯೂನಲ್ಲಿ ನೀನು ಸಸ್ಯಾಹಾರಿ, ಬೀಫ್ ರೈತನ ಜೊತೆ ಹೇಗೆ ಕೆಲಸ ಮಾಡ್ತೀಯ ಅಂತ ಕೇಳಿದ್ರೆ ನಾನು ಹೇಳೋ ಉತ್ತರ ಇದೇ, ಅಲಂಕಾರ ಮಾಡಿ ಹೇಳಲ್ಲ.

ಅದಕ್ಕೇ ಈ ಗಂಟೆಗಳ ನಿಯಮದ ಬಗ್ಗೆ ನನ್ನ ಮನಸ್ಸಲ್ಲಿ ಎರಡು ಮಾತಿವೆ. ಒಂದು, ಇದು ಅನ್ಯಾಯ. ಸಂಬಳ ಇಲ್ಲದೆ ಸಾವಿರ ಗಂಟೆ ಕೊಡೋಕೆ ಯಾರ ಕೈಲಿ ಆಗತ್ತೆ? ಕಾರ್ ಇರೋರಿಗೆ, ಬಾಡಿಗೆ ಚಿಂತೆ ಇಲ್ಲದವರಿಗೆ, ಫ್ಯಾಮಿಲಿಯಲ್ಲಿ ವೆಟ್ ಪರಿಚಯ ಇರೋರಿಗೆ, ಕೆಲಸ ಮಾಡೋ ಪರ್ಮಿಟ್ ಇರೋರಿಗೆ. ಅರ್ಜಿಯಲ್ಲಿ ನನ್ನ ಗಂಟೆ ಮತ್ತೆ ಅವರ ಗಂಟೆ ಪಕ್ಕ ಪಕ್ಕ ಕಾಣತ್ತೆ, ಆ ಗಂಟೆಗಳ ಹಿಂದಿನ ವೀಸಾ ತೊಡಕು ಕಾಣಲ್ಲ. ಇನ್ನೊಂದು, ಗಂಟೆಗಳು ಇಲ್ಲದೇ ಇದ್ದಿದ್ರೆ ನಾನು ಈ ಕೆಲಸದ ಒಳಗೆ ಏನಿದೆ ಅಂತ ನೋಡ್ತಾನೇ ಇರಲಿಲ್ಲ. ಅತ್ತೆ ಮಗ ಹೇಳ್ತಾನೆ, ಅವನ ಬ್ಯಾಚಲ್ಲಿ ಎಂಬಿಬಿಎಸ್ ಸಿಗಲಿಲ್ಲ ಅಂತ ಬಂದವರೂ ಇದಾರೆ, ಎಷ್ಟೋ ಜನ ಹಸು ಮುಟ್ಟಿದ್ದೇ ಕಾಲೇಜಿಗೆ ಬಂದ್ಮೇಲೆ, ಅವರಲ್ಲಿ ಕೆಲವರು ಈಗ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡ್ತಾರಂತೆ. ಅದೂ ನಿಜ ಇರಬಹುದು. ಆದ್ರೆ ನನಗೆ ಕೇಳಿದ್ರೆ, ನೋಡಿ ತಿಳ್ಕೊಂಡು ಒಳಗೆ ಹೋಗೋದೇ ಮೇಲು, ಅದಕ್ಕೆ ಎಲ್ಲರಿಗೂ ದಾರಿ ಮಾಡ್ಕೊಡ್ಲಿ, ಗಂಟೆ ಎಷ್ಟು ಅನ್ನೋದಕ್ಕಿಂತ ಆ ಗಂಟೆಯಲ್ಲಿ ಏನು ಕಂಡೆ ಅಂತ ಕೇಳ್ಲಿ.

ತಿಳ್ಕೊಂಡು ಹೋಗ್ಬೇಕು ಅನ್ನೋದು ಯಾಕೆ ಅಂದ್ರೆ ಬೆಲೆ ದೊಡ್ಡದು. ಒಂದೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಸಾಲ ಹೊತ್ಕೊಂಡು ಹೊರಗೆ ಬರೋದು ಇಲ್ಲಿ ಸಾಮಾನ್ಯ, ಸಂಬಳ ಮನುಷ್ಯರ ಡಾಕ್ಟರ್‌ಗಿಂತ ಬಹಳ ಕಮ್ಮಿ. ಸಿಟಿಜನ್, ಗ್ರೀನ್ ಕಾರ್ಡ್ ಇರೋ ಮಕ್ಕಳಿಗೂ 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸೇರೋರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಸಾಲ ಇಲ್ಲ, ಇಂಥ ಕೋರ್ಸ್‌ಗಳಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಮನಸ್ಸಿನ ಬೆಲೆಯೂ ಇದೆ. 1979ರಿಂದ 2015ರವರೆಗಿನ ಸಾವುಗಳನ್ನ ನೋಡಿದ ಸಿಡಿಸಿ (ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ) ಅಧ್ಯಯನದಲ್ಲಿ, ಇಲ್ಲಿನ ಮಹಿಳಾ ವೆಟ್‌ಗಳು ಆತ್ಮಹತ್ಯೆಯಿಂದ ಸಾಯೋ ಪ್ರಮಾಣ ಸಾಮಾನ್ಯ ಜನರಿಗಿಂತ 3.5 ಪಟ್ಟು, ಗಂಡಸರಲ್ಲಿ 2.1 ಪಟ್ಟು ಜಾಸ್ತಿ ಇತ್ತು. ಇವತ್ತು ವೆಟ್ ಸ್ಕೂಲ್‌ಗಳಲ್ಲಿ ಹತ್ತರಲ್ಲಿ ಎಂಟು ಜನ ಹೆಣ್ಣುಮಕ್ಕಳು. ಇದನ್ನ ಅಮ್ಮನಿಗೆ ನಾನೇ ಓದಿ ಹೇಳ್ದೆ, ಬೇರೆ ಎಲ್ಲೋ ಓದಿ ಹೆದರೋದಕ್ಕಿಂತ ನನ್ನ ಬಾಯಿಂದ ಕೇಳ್ಲಿ ಅಂತ. ಆವತ್ತಿಂದ ದಿನಾ ರಾತ್ರಿ "ಇವತ್ತು ಏನೇನಾಯ್ತು ಪುಟ್ಟಿ" ಅಂತ ಕೇಳ್ತಾಳೆ, ನಾನು ಎಲ್ಲ ಹೇಳ್ತೀನಿ, ಕಸಾಯಿಖಾನೆ ದಿನದ್ದೂ ಹೇಳಿದೀನಿ. ಅಪ್ಪನಿಗೆ ಮೊದಲು ನಾನು ಎಂಡಿ, ಅಂದ್ರೆ ಇಲ್ಲಿನ ಮನುಷ್ಯರ ಡಾಕ್ಟರ್ ಓದು, ಮಾಡಲಿ ಅಂತ ಇತ್ತು, ಒಂದು ದಿನ ಬೆಳಗಿನ ಜಾವ ನನ್ನನ್ನ ಡೈರಿಗೆ ಬಿಡೋಕೆ ಬಂದು ಒಳಗೆ ಬಂದು ನೋಡಿದ್ರು, ಅಲ್ಲಿಂದಾಚೆ ಆ ಮಾತು ಎತ್ತಿಲ್ಲ.

ಅರ್ಜಿ ಸೆಪ್ಟೆಂಬರ್ ಮಧ್ಯಕ್ಕೆ ಹೋಗ್ಬೇಕು. ಕನಿಷ್ಠ ಮೂರು ಶಿಫಾರಸು ಪತ್ರ, ಅದರಲ್ಲಿ ಒಂದಾದ್ರೂ ವೆಟ್‌ದು ಇರ್ಬೇಕು ಅಂತ ಬಹಳ ಕಾಲೇಜು ಕೇಳತ್ತೆ. ಪತ್ರ ಬರೆಯೋ ಡಾಕ್ಟರ್ ನಿಮ್ಮನ್ನ ಕೆಲವು ವಾರ ಅಲ್ಲ, ಒಂದೆರಡು ವರ್ಷ ನೋಡಿರ್ಬೇಕು, ಹಾಗಾಗಿ ಒಂದು ಕ್ಲಿನಿಕ್ಕೋ ಫಾರ್ಮೋ ಸಿಕ್ರೆ ಗಂಟೆ ತುಂಬ್ತು ಅಂತ ಬಿಟ್ಟು ಬರಬೇಡಿ. ಇಂಟರ್ವ್ಯೂಗಳು ಚಳಿಗಾಲದಲ್ಲಿ, ಸಿಕ್ಕ ಸೀಟನ್ನ ಒಪ್ಪಿಕೊಳ್ಳೋದಕ್ಕೆ ಕೊನೇ ದಿನ ಏಪ್ರಿಲ್ 15. ನಾನು ಅರ್ಜಿ ಹಾಕಿರೋದು ಇಂಟರ್‌ನ್ಯಾಷನಲ್‌ಗಳನ್ನ ತಗೊಳೋ ಇಲ್ಲಿನ ಕಾಲೇಜುಗಳಿಗೆ, ಜೊತೆಗೆ ಡಬ್ಲಿನ್ ಮತ್ತೆ ಗ್ಲಾಸ್ಗೋಗೆ. ಆ ಎರಡಕ್ಕೂ ಅಮೆರಿಕದ ವೆಟರ್ನರಿ ಸಂಘ ಎವಿಎಂಎ ಮಾನ್ಯತೆ ಇದೆ, ಅಂದ್ರೆ ಅಲ್ಲಿ ಓದಿ ಬಂದವರು ಇಲ್ಲಿನವರ ಹಾಗೇ ನ್ಯಾವ್ಲಿ ಲೈಸೆನ್ಸ್ ಪರೀಕ್ಷೆ ಬರೀಬಹುದು. ಅತ್ತೆ ಮಗ ಇಲ್ಲಿಗೆ ಬರ್ಬೇಕು ಅಂದ್ರೆ ಅವನಿಗೆ ಇಸಿಎಫ್‌ವಿಜಿ ಇಲ್ಲಾ ಪೇವ್ ಅನ್ನೋ, ಮಾನ್ಯತೆ ಇಲ್ಲದ ವಿದೇಶಿ ಕಾಲೇಜಲ್ಲಿ ಓದಿದ ವೆಟ್‌ಗಳಿಗಿರೋ ಇನ್ನೊಂದು ಉದ್ದದ ದಾರಿ ಇದೆ, ಅವನಿಗೆ ಅದು ಬೇಡ, ಹಾಸನ ಜಿಲ್ಲೆಯಲ್ಲೇ ಪಶು ಆಸ್ಪತ್ರೆಗೆ ಪೋಸ್ಟಿಂಗ್ ಸಿಕ್ರೆ ಸಾಕು ಅಂತಾನೆ. ಈ ಸಲ ಎಲ್ಲೂ ಸಿಗದಿದ್ರೆ ನನಗೆ ಡಿಗ್ರಿ ಆದ್ಮೇಲೆ ಒಂದು ವರ್ಷ ಓಪಿಟಿ (ಎಫ್-1 ವಿದ್ಯಾರ್ಥಿಗಳಿಗೆ ಓದು ಮುಗಿದ ಮೇಲೆ ಸಿಗೋ ಕೆಲಸದ ಅನುಮತಿ) ಮೇಲೆ ಕೆಲಸ ಮಾಡೋ ಅವಕಾಶ ಇದೆ, ದನ ನೋಡೋ ಡಾಕ್ಟರ್ ಒಬ್ಬರು ಅಸಿಸ್ಟೆಂಟ್ ಆಗಿ ತಗೊಳ್ತೀನಿ ಅಂದಿದಾರೆ, ಮುಂದಿನ ಸೆಪ್ಟೆಂಬರ್‌ಗೆ ಮತ್ತೆ ಹಾಕ್ತೀನಿ. ಮೊದಲನೇ ಇಂಟರ್ವ್ಯೂ ಮುಂದಿನ ವಾರ ಇದೆ.